ಆರು ತಿಂಗಳು ಓಡಿಸಿದ ಎಲೆಕ್ಟ್ರಿಕ್ ಸ್ಕೂಟರ್: ಗಾಡಿಗೆ ನಾಲ್ಕು ಸ್ಟಾರ್, ಮ್ಯಾಗ್ನೆಟ್‌ಗೆ ಎಷ್ಟು?

ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಹೆಸರು ಹಾಕಿಲ್ಲ, ಮಾಡೆಲ್ ಹೆಸರೂ ಹಾಕಿಲ್ಲ, ಕೇಳಬೇಡಿ. ನನಗೆ ಆದ ತೊಂದರೆ ಆ ಒಂದು ಕಂಪನಿಯದ್ದಲ್ಲ, ಕಳೆದ ವರ್ಷ ಎಲೆಕ್ಟ್ರಿಕ್ ಗಾಡಿ ಬುಕ್ ಮಾಡಿದ ಬಹಳ ಜನರಿಗೆ ಆಗಿದ್ದೇ. ಇನ್ನೊಂದು ವಿಷಯ. ಈ ರಿವ್ಯೂ ಸ್ವಲ್ಪ ದಾರಿ ತಪ್ಪುತ್ತದೆ. ನಾಗರಬಾವಿಯಿಂದ ಹೊರಟು ಮ್ಯಾನ್ಮಾರ್‌ವರೆಗೆ ಹೋಗಿ ಬರುತ್ತದೆ. ಬರೀ ಮೈಲೇಜ್ ಲೆಕ್ಕ ಬೇಕಿದ್ದವರು ಮುಂದಿನ ಎರಡು ಪ್ಯಾರಾ ಓದಿ ಎದ್ದುಹೋಗಿ, ಬೇಜಾರಿಲ್ಲ.

ಗಾಡಿ ಇಲ್ಲಿವರೆಗೆ ಓಡಿರುವುದು 4,300 ಕಿಲೋಮೀಟರ್. ನಾಗರಬಾವಿಯಿಂದ ಪೀಣ್ಯ, ಪೀಣ್ಯದಿಂದ ನಾಗರಬಾವಿ, ದಿನಕ್ಕೆ 24 ಕಿ.ಮೀ. ಭಾನುವಾರ ಎಲ್ಲಾದರೂ ಒಂದು ಸುತ್ತು. ಕಂಪನಿ ಹೇಳಿದ್ದು ಒಂದು ಚಾರ್ಜ್‌ಗೆ 120 ಕಿ.ಮೀ., ನನಗೆ ಸಿಕ್ಕಿದ್ದು 85ರಿಂದ 90. ಇದನ್ನು ಮೋಸ ಅಂತ ಕೂಗಾಡುವವರಿದ್ದಾರೆ. ಪೆಟ್ರೋಲ್ ಗಾಡಿ ಕಂಪನಿಗಳೂ ಹೇಳಿದಷ್ಟು ಮೈಲೇಜ್ ಯಾವತ್ತೂ ಕೊಟ್ಟಿಲ್ಲ, ಹಾಗಾಗಿ ನಾನು ಸುಮ್ನಿದ್ದೇನೆ. ರಾತ್ರಿ ಚಾರ್ಜ್‌ಗೆ ಹಾಕಿದರೆ ಮೂರೂವರೆ ಯೂನಿಟ್ ತಿನ್ನುತ್ತದೆ. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೂ 21 ರೂಪಾಯಿ. ಅಷ್ಟಕ್ಕೆ ಮೂರು ದಿನದ ಓಡಾಟ ಮುಗಿಯುತ್ತದೆ. ಹಳೇ ಗಾಡಿಗೆ ಇದೇ ಓಡಾಟಕ್ಕೆ ಒಂದೂವರೆ ಲೀಟರ್ ಪೆಟ್ರೋಲ್ ಬೇಕಿತ್ತು, ಲೀಟರ್ ನೂರು ದಾಟಿ ಎಷ್ಟು ಕಾಲ ಆಯಿತು ಅಂತ ನಿಮಗೇ ಗೊತ್ತು.

ಪಿಕಪ್ ಅದ್ಭುತ. ಸಿಗ್ನಲ್ ಬಿಟ್ಟ ಕೂಡಲೇ ಆಟೋದವರಿಗಿಂತ ಮುಂದೆ ಇರುತ್ತೇನೆ, ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಸುಖ ಇಲ್ಲ. ಸೀಟಿನ ಕೆಳಗೆ ಹೆಲ್ಮೆಟ್, ಊಟದ ಡಬ್ಬಿ, ಮೇಲೆ ಒಂದು ಕಿಲೋ ಅವರೆಕಾಯಿ ಹಿಡಿಸುತ್ತದೆ. ಸಸ್ಪೆನ್ಷನ್ ಓಡಿಸುವವರಿಗೆ ಪರವಾಗಿಲ್ಲ. ಹಿಂದೆ ಕೂತವರಿಗೆ ಕಷ್ಟ, ನಮ್ಮನೆಯವರು ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಎರಡು ಸಲ ಸೊಂಟ ಹಿಡಿದುಕೊಂಡರು. ಆ್ಯಪ್ ಮಾತ್ರ ತಲೆನೋವು, ಎರಡು ದಿನಕ್ಕೊಮ್ಮೆ ಅಪ್‌ಡೇಟ್ ಕೇಳುತ್ತದೆ.

ಈಗ ಕತೆಗೆ ಬರೋಣ. ನಾನು ಬುಕ್ ಮಾಡಿದ್ದು 2025ರ ಜುಲೈನಲ್ಲಿ. ಶೋರೂಂ ಹುಡುಗ ಗಣೇಶನ ಹಬ್ಬಕ್ಕೆ ಗಾಡಿ ಮನೆ ಮುಂದೆ ಇರುತ್ತದೆ ಎಂದ. ಹಬ್ಬ ಬಂತು, ಗಣೇಶನನ್ನು ಬಿಟ್ಟೂ ಬಂದೆವು, ಗಾಡಿ ಬರಲಿಲ್ಲ. ಆಯುಧ ಪೂಜೆಗೆ ಎಂದ. ಆಯುಧ ಪೂಜೆಗೆ ಹಳೇ ಗಾಡಿಗೇ ಕುಂಬಳಕಾಯಿ ಒಡೆದೆವು. ಈ ಮಧ್ಯೆ ಸೆಪ್ಟೆಂಬರ್ 22ಕ್ಕೆ ಪೆಟ್ರೋಲ್ ಸ್ಕೂಟರ್‌ಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು. ಎಲೆಕ್ಟ್ರಿಕ್‌ಗೆ ಮೊದಲಿನಿಂದ 5 ಇದ್ದದ್ದು 5ರಲ್ಲೇ ಉಳಿಯಿತು. ಅಂದರೆ ಕಾಯುತ್ತಾ ಕೂತ ನನ್ನ ಕಣ್ಣೆದುರೇ ಪೆಟ್ರೋಲ್ ಗಾಡಿ ಅಗ್ಗವಾಯಿತು, ಗಾಯದ ಮೇಲೆ ಬರೆ. ಫೋನ್ ಮಾಡಿ ಬೈದೆ. ಆ ಹುಡುಗ ಪಾಪ, ಮೆತ್ತಗೆ ಒಂದೇ ಮಾತು ಹೇಳಿದ: "ಮ್ಯಾಗ್ನೆಟ್ ಬಂದಿಲ್ಲ ಸಾರ್."

ನಾನು ನಂಬಲಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸುತ್ತೇವಲ್ಲ, ಅಂಥ ಮ್ಯಾಗ್ನೆಟ್‌ಗಾಗಿ ಲಕ್ಷ ರೂಪಾಯಿ ಮೇಲಿನ ಗಾಡಿ ನಿಲ್ಲುತ್ತಾ? ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವಾ ಅಂದುಕೊಂಡೆ.

ಪೀಣ್ಯದಲ್ಲಿ ನಮ್ಮ ಶೆಡ್ ಪಕ್ಕ ಮೋಟರ್ ರಿವೈಂಡಿಂಗ್ ಮಾಡುವ ಅಣ್ಣ ಒಬ್ಬರಿದ್ದಾರೆ. ಮೂವತ್ತು ವರ್ಷದಿಂದ ಬೋರ್‌ವೆಲ್ ಮೋಟರ್ ಸುತ್ತುವ ಕೆಲಸ. ಅವರ ಹತ್ತಿರ ಯಾವುದೋ ಸ್ಕೂಟರ್‌ನ ಸುಟ್ಟುಹೋದ ಮೋಟರ್ ಬಿದ್ದಿತ್ತು. ರೋಟರ್ ಹೊರಗೆ ತೆಗೆದು, "ಸ್ಕ್ರೂಡ್ರೈವರ್ ಹತ್ತಿರ ತಗೊಂಡು ಹೋಗಿ ನೋಡು" ಅಂದರು. ಕೈಯಿಂದ ಕಿತ್ತುಕೊಂಡು ಹೋಗಿ ಅಂಟಿತು. ಬಿಡಿಸಲು ಎರಡೂ ಕೈ ಬೇಕಾಯಿತು. "ನಾನು ಸುತ್ತುವ ಬೋರ್‌ವೆಲ್ ಮೋಟರ್‌ನಲ್ಲಿ ಮ್ಯಾಗ್ನೆಟ್ಟೇ ಇಲ್ಲಪ್ಪ, ಬರೀ ತಾಮ್ರ, ಕಬ್ಬಿಣ. ಅಂಥದ್ದನ್ನು ನಿನ್ನ ಸ್ಕೂಟರಿಗೆ ಕೂರಿಸಿದರೆ ಗಾಡಿ ಓಡುತ್ತೆ, ನಿನಗೆ ಕಾಲಿಡೋಕೆ ಜಾಗ ಇರಲ್ಲ ಅಷ್ಟೇ." ಮೋಟರ್ ಇಷ್ಟು ಚಿಕ್ಕದಾಗಿ, ಇಷ್ಟು ಶಕ್ತಿಯಾಗಿ ಇರುವುದು ಆ ಕೆಲವು ನೂರು ಗ್ರಾಂ ಮ್ಯಾಗ್ನೆಟ್‌ನಿಂದ. ಸಿಗ್ನಲ್‌ನಲ್ಲಿ ನಾನು ಆಟೋದವರನ್ನು ಹಿಂದೆ ಹಾಕುವುದೂ ಅದರಿಂದಲೇ.

ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡುವ ಮ್ಯಾಗ್ನೆಟ್ ಅದು. 1980ರ ದಶಕದ ಮೊದಲ ಅರ್ಧದಲ್ಲಿ ಜಪಾನಿನವರೂ ಅಮೆರಿಕದವರೂ ಬೇರೆಬೇರೆಯಾಗಿ, ಆದರೆ ಒಂದೇ ಹೊತ್ತಿಗೆ ಕಂಡುಹಿಡಿದರು. ಅದಕ್ಕೊಂದು ದೌರ್ಬಲ್ಯ ಇದೆ. ಬಿಸಿ ತಡೆಯಲ್ಲ. ಸಾದಾ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರು ಮಾಡುತ್ತದೆ. ಮೋಟರ್ ಒಳಗೆ ಅಷ್ಟು ಬಿಸಿ ಏನು ಮಹಾ? ಒಬ್ಬರನ್ನು ಹಿಂದೆ ಕೂರಿಸಿಕೊಂಡು ನಂದಿ ಬೆಟ್ಟ ಹತ್ತಿ ಗೊತ್ತಾಗುತ್ತದೆ. ನಾನು ಹತ್ತಿದ್ದೇನೆ. ಅರ್ಧ ದಾರಿಯಲ್ಲಿ ಡಿಸ್‌ಪ್ಲೇ ಮೇಲೆ ಕೆಂಪು ಥರ್ಮಾಮೀಟರ್ ಬಂತು, ಗಾಡಿ ತಾನೇ ಸ್ಪೀಡ್ ಇಳಿಸಿಕೊಂಡಿತು, ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದವರು ನಗುತ್ತಾ ಮುಂದೆ ಹೋದರು. ಇಳಿಸಿಕೊಂಡಿತು ಆದರೆ ಕೆಡಲಿಲ್ಲ, ಅದು ಮುಖ್ಯ. ಇಂಥ ಮ್ಯಾಗ್ನೆಟ್ 150 ಡಿಗ್ರಿಯವರೆಗೂ ತಡೆಯಲಿ ಅಂತ ಅದಕ್ಕೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಎಂಬ ಲೋಹವನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಸಾರಿಗೆ ಇಂಗು ಹಾಕಿದ ಹಾಗೆ. ಕಡಿಮೆಯೇ, ಆದರೆ ಇಲ್ಲದಿದ್ದರೆ ಆಗಲ್ಲ.

ಈ ಚಿಟಿಕೆ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಾ ಹೋದೆ. ಗಾಡಿ ಬರುವ ತನಕ ಬೇರೆ ಕೆಲಸ ಏನಿತ್ತು?

ರೇರ್ ಅರ್ಥ್ ಅಂತಾರಲ್ಲ, ಪೇಪರ್‌ನಲ್ಲಿ ಅಪರೂಪದ ಖನಿಜ ಅಂತ ಬರೆಯುತ್ತಾರೆ, ಒಟ್ಟು 17 ಮೂಲವಸ್ತುಗಳು. ಇವುಗಳಲ್ಲಿ ಹಗುರದವು, ಭಾರದವು ಅಂತ ಎರಡು ಗುಂಪು. ನಿಯೋಡಿಮಿಯಂ ಹಗುರದ್ದು, ಬೇಕಾದಷ್ಟು ಕಡೆ ಇದೆ, ಕೇರಳ, ತಮಿಳುನಾಡು, ಒಡಿಶಾದ ಸಮುದ್ರದ ಮರಳಿನಲ್ಲೂ ಇದೆ. ಡಿಸ್ಪ್ರೋಸಿಯಂ, ಟರ್ಬಿಯಂ ಭಾರದವು. ಇವು ದಕ್ಷಿಣ ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಗಾಂಝೌ ಸುತ್ತಮುತ್ತ ಕೆಂಪು ಜೇಡಿಮಣ್ಣಿನ ಬೆಟ್ಟಗಳಲ್ಲಿ ಸಿಗುತ್ತಿದ್ದವು. ಅಲ್ಲಿ ತೆಗೆದೂ ತೆಗೆದೂ ಬೆಟ್ಟಗಳು ಬೋಳಾದವು, ನೀರು ಹಾಳಾಯಿತು. ಹೋದ ದಶಕದಲ್ಲಿ ಚೀನಾ ಸರ್ಕಾರ ತನ್ನ ನೆಲದ ಮೇಲಿನ ಅಕ್ರಮ ಗಣಿಗಳ ಮೇಲೆ ಮುರಕೊಂಡು ಬಿತ್ತು. ಗಣಿಯವರು ಏನು ಮಾಡಿದರು? ಅದೇ ಪೈಪು, ಅದೇ ಟಾರ್ಪಾಲು, ಅದೇ ಕೆಲಸ ಗೊತ್ತಿದ್ದ ಜನರನ್ನು ಕಟ್ಟಿಕೊಂಡು ಗಡಿ ದಾಟಿದರು. ಆಚೆ ಕಡೆ ಅದೇ ಥರದ ಜೇಡಿಮಣ್ಣು. ಅದು ಮ್ಯಾನ್ಮಾರ್‌ನ ಕಚಿನ್ ರಾಜ್ಯ.

ಚಿಪ್ವಿ, ಪಾಂಗ್ವಾ ಅಂತ ಊರುಗಳು. ಉಪಗ್ರಹದ ಫೋಟೋದಲ್ಲಿ ನೋಡಿದರೆ ಹಸಿರು ಬೆಟ್ಟದ ಮಧ್ಯೆ ಸಾಲುಸಾಲಾಗಿ ದುಂಡನೆಯ ನೀಲಿ ಕೊಳಗಳು ಕಾಣುತ್ತವೆ, ನಾನು ಮೊದಲು ಯಾವುದೋ ರೆಸಾರ್ಟ್ ಅಂದುಕೊಂಡಿದ್ದೆ. 2022ರಲ್ಲಿ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಇಂಥ ಫೋಟೋಗಳನ್ನಿಟ್ಟುಕೊಂಡು ಎಣಿಸಿದಾಗ ಸುಮಾರು 300 ಜಾಗಗಳಲ್ಲಿ 2,700ಕ್ಕೂ ಜಾಸ್ತಿ ಕೊಳಗಳು ಸಿಕ್ಕವು. ಕೆಲಸ ನಡೆಯುವುದು ಹೀಗೆ. ಬೆಟ್ಟದ ನೆತ್ತಿಯಲ್ಲಿ ತೂತು ಕೊರೆಯುತ್ತಾರೆ, ಪೈಪ್ ಇಳಿಸುತ್ತಾರೆ, ಅದರೊಳಗೆ ಅಮೋನಿಯಂ ಸಲ್ಫೇಟ್ ನೀರು ಬಿಡುತ್ತಾರೆ. ಹೌದು, ನಮ್ಮ ರೈತರು ಗದ್ದೆಗೆ ಹಾಕುವ ಅದೇ ಗೊಬ್ಬರ, ಆದರೆ ಟನ್ನುಗಟ್ಟಲೆ. ಅದು ಬೆಟ್ಟದ ಹೊಟ್ಟೆಯೊಳಗೆಲ್ಲ ಇಳಿದು ಮಣ್ಣಿಗೆ ಅಂಟಿಕೊಂಡ ಖನಿಜವನ್ನು ಬಿಡಿಸಿಕೊಂಡು ಕೆಳಗಿನ ಕೊಳಕ್ಕೆ ಬರುತ್ತದೆ. ಕೊಳಕ್ಕೆ ಇನ್ನೊಂದು ರಾಸಾಯನಿಕ ಹಾಕಿದರೆ ಬಿಳಿ ಗಸಿ ತಳಕ್ಕೆ ಕೂರುತ್ತದೆ. ಅದನ್ನು ಒಲೆಯಲ್ಲಿ ಸುಟ್ಟು ಚೀಲಕ್ಕೆ ತುಂಬಿ ಗಡಿ ದಾಟಿಸುತ್ತಾರೆ. ಬೆಟ್ಟ ಅಲ್ಲೇ ಉಳಿಯುತ್ತದೆ, ಒಳಗೆ ಗೊಬ್ಬರದ ನೀರು ಕುಡಿದು ಊದಿಕೊಂಡು, ಜೋರು ಮಳೆ ಬಂದ ವರ್ಷ ಕುಸಿಯುತ್ತದೆ. ತೊರೆಗಳೆಲ್ಲ ಹೋಗಿ ಸೇರುವುದು ಐರಾವತಿ ನದಿಯ ಮೇಲಿನ ಕವಲಿಗೆ.

2023ರಲ್ಲಿ ಹೀಗೆ ಗಡಿ ದಾಟಿದ್ದು 40 ಸಾವಿರ ಟನ್‌ಗಿಂತ ಜಾಸ್ತಿ, ಎರಡು ವರ್ಷದ ಹಿಂದಿನ ಲೆಕ್ಕದ ಎರಡು ಪಟ್ಟು. ಜಗತ್ತಿನ ಭಾರದ ರೇರ್ ಅರ್ಥ್‌ನಲ್ಲಿ ಹತ್ತಿರಹತ್ತಿರ ಅರ್ಧ ಈ ಬೆಟ್ಟಗಳಿಂದಲೇ. ಎಲ್ಲ ಚೀಲವೂ ಚೀನಾದಲ್ಲಿ ಒಂದೇ ಕಡಾಯಿಗೆ ಬೀಳುತ್ತದೆ. ಆಮೇಲೆ ಯಾವ ಮ್ಯಾಗ್ನೆಟ್‌ನಲ್ಲಿ ಯಾವ ಬೆಟ್ಟದ ಮಣ್ಣಿದೆ ಅಂತ ಬ್ರಹ್ಮನೂ ಹೇಳಲಾರ.

ಎರಡು ವರ್ಷದಲ್ಲಿ ಎರಡು ಪಟ್ಟು ಆದದ್ದು ಸುಮ್ನೆ ಅಲ್ಲ. 2021ರ ಫೆಬ್ರವರಿ 1ರಂದು ಮ್ಯಾನ್ಮಾರ್ ಸೇನೆ ಆಂಗ್ ಸಾನ್ ಸೂ ಕಿ ಸರ್ಕಾರವನ್ನು ಕಿತ್ತುಹಾಕಿತು. ಅಲ್ಲಿಂದ ದೇಶ ತುಂಬ ಯುದ್ಧ. ಕೇಳುವವರಿಲ್ಲದ ಕಡೆ ಗಣಿ ಹೆಚ್ಚಾಗುತ್ತದೆ, ಇದನ್ನು ಬಳ್ಳಾರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಗ ಪಾಂಗ್ವಾ ಇದ್ದದ್ದು ಸೇನೆಯ ಜೊತೆ ಕೈಜೋಡಿಸಿದ್ದ ಸ್ಥಳೀಯ ಪಡೆಯೊಂದರ ಕೈಯಲ್ಲಿ. 2024ರ ಅಕ್ಟೋಬರ್‌ನಲ್ಲಿ ಕಚಿನ್ ಇಂಡಿಪೆಂಡೆನ್ಸ್ ಆರ್ಮಿ, ಅಂದರೆ ಕೆಐಎ, ಅವರನ್ನು ಓಡಿಸಿ ಪಾಂಗ್ವಾ ಹಿಡಿಯಿತು. 1961ರಿಂದ ಬಂದೂಕು ಹಿಡಿದು ಕೂತಿರುವ ಪಡೆ ಅದು. ಈಗ ಜಗತ್ತಿನ ಕಾರು, ಸ್ಕೂಟರ್, ಗಾಳಿಯಂತ್ರ ಎಲ್ಲದಕ್ಕೂ ಬೇಕಾದ ಮಣ್ಣು ಅವರ ಕೈಗೆ ಬಂತು.

ಇಲ್ಲಿ ನಾನು ಅಂದುಕೊಂಡಿದ್ದು ಬೇರೆ. ಚೀನಾ ಸುಮ್ನಿರುತ್ತಾ, ಸೈನ್ಯ ಕಳಿಸುತ್ತದೆ, ಬೆಟ್ಟ ವಶ ಮಾಡಿಕೊಳ್ಳುತ್ತದೆ ಅಂತ. ಏನೂ ಇಲ್ಲ. ಚೀನಾ ಗೇಟ್ ಹಾಕಿತು. ಅಷ್ಟೇ. ಗಡಿಯ ಗೇಟ್. ಆ ಮಣ್ಣು ಕೊಳ್ಳುವವರು ಚೀನಾ ಬಿಟ್ಟು ಯಾರೂ ಇಲ್ಲ, ಯಾಕೆಂದರೆ ಅದನ್ನು ಬಿಡಿಸಿ ಶುದ್ಧ ಮಾಡುವ ಕೆಲಸದ ಸುಮಾರು 90 ಪರ್ಸೆಂಟ್ ನಡೆಯುವುದೇ ಚೀನಾದಲ್ಲಿ. ಬೆಟ್ಟಕ್ಕೆ ಕುಡಿಸುವ ಗೊಬ್ಬರವೂ ಅದೇ ಗೇಟಿನಿಂದ ಬರಬೇಕು. ಅಕ್ಕಿ, ಡೀಸೆಲ್, ಔಷಧಿಯೂ ಅಲ್ಲಿಂದಲೇ. ಗೇಟ್ ಮುಚ್ಚಿದರೆ ಗೆದ್ದವನೂ ಹಸಿದು ಕೂರಬೇಕು. ಕೆಐಎ ಸುಂಕ ಏರಿಸಿತು, ಚೌಕಾಸಿ ನಡೆಯಿತು, 2025ರಲ್ಲಿ ವ್ಯಾಪಾರ ನಿಧಾನಕ್ಕೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಕೆಐಎ ಐರಾವತಿ ದಂಡೆಯ ಭಾಮೋ ಪಟ್ಟಣಕ್ಕೆ ಮುತ್ತಿಗೆ ಹಾಕಿತ್ತು. ಭಾಮೋ ಬಿಡಿ, ಇಲ್ಲದಿದ್ದರೆ ನಿಮ್ಮ ಮಣ್ಣು ಕೊಳ್ಳಲ್ಲ ಅಂತ ಚೀನಾ ಹೆದರಿಸಿತು ಎಂದು 2025ರ ಜುಲೈನಲ್ಲಿ ರಾಯ್ಟರ್ಸ್ ವರದಿ ಮಾಡಿತ್ತು. ಸರಿಯಾಗಿ ನಾನು ಸ್ಕೂಟರ್ ಬುಕ್ ಮಾಡಿದ ತಿಂಗಳು.

ಲಾಶಿಯೋದ ಕತೆ ಇದಕ್ಕಿಂತ ಚೆನ್ನಾಗಿದೆ, ಅಂದರೆ ಇದಕ್ಕಿಂತ ಕೆಟ್ಟದಾಗಿದೆ. ಅದು ಮ್ಯಾನ್ಮಾರ್‌ನ ಉತ್ತರ ಶಾನ್ ರಾಜ್ಯದ ದೊಡ್ಡ ಊರು, ಚೀನಾಕ್ಕೆ ಹೋಗುವ ಮುಖ್ಯ ರಸ್ತೆ ಮೇಲಿದೆ, ಸೇನೆಯ ಈಶಾನ್ಯ ಕಮಾಂಡ್ ಇದ್ದದ್ದು ಅಲ್ಲಿ. 2024ರ ಆಗಸ್ಟ್ ಹೊತ್ತಿಗೆ ಎಂಎನ್‌ಡಿಎಎ ಎಂಬ, ಚೀನಾ ಗಡಿಯ ಕೋಕಾಂಗ್ ಸೀಮೆಯ ಬಂಡಾಯ ಪಡೆ ಅದನ್ನು ಗೆದ್ದಿತು. ಸೇನೆಯ ಇಡೀ ಕಮಾಂಡ್ ಕಚೇರಿಯೊಂದು ಹೀಗೆ ಕೈಬಿಟ್ಟಿದ್ದು ಅದೇ ಮೊದಲು. ಅದಕ್ಕೂ ಹಿಂದಿನ ವರ್ಷ, 2023ರ ಅಕ್ಟೋಬರ್ 27ರಂದು ಇದೇ ಪಡೆ ಇನ್ನೆರಡು ಪಡೆಗಳ ಜೊತೆ ಸೇರಿ ಸೇನೆಯ ಮೇಲೆ ಬಿದ್ದಾಗ ಚೀನಾ ಬೇರೆ ಕಡೆ ನೋಡಿಕೊಂಡು ನಿಂತಿತ್ತು. ಯಾಕೆ? ಗಡಿಯ ಆನ್‌ಲೈನ್ ಮೋಸದ ಅಡ್ಡಾಗಳು ಚೀನೀಯರನ್ನೇ ದೋಚುತ್ತಿದ್ದವು, ಅವು ಹೋಗಲಿ ಅಂತ. ಆದರೆ ಲಾಶಿಯೋ ಬಿದ್ದ ಮೇಲೆ ಇದು ಜಾಸ್ತಿಯಾಯಿತು ಅನ್ನಿಸಿತು. ಗೇಟ್ ಮುಚ್ಚಿದರು, ಕರೆಂಟ್ ಕಿತ್ತರು, ಅವರ ನಾಯಕನನ್ನು ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಹಿಡಿದಿಟ್ಟುಕೊಂಡಿದ್ದಾರೆ ಅಂತ ಸುದ್ದಿ ಬಂತು. 2025ರ ಏಪ್ರಿಲ್‌ನಲ್ಲಿ ರಕ್ತ ಸುರಿಸಿ ಗೆದ್ದ ಊರನ್ನು ಆ ಪಡೆ ವಾಪಸ್ ಸೇನೆಗೆ ಒಪ್ಪಿಸಿತು, ಚೀನಾದ ಅಧಿಕಾರಿಗಳು ಪಕ್ಕದಲ್ಲಿ ನಿಂತು ಉಸ್ತುವಾರಿ ನೋಡಿದರು. ಬಾಡಿಗೆ ಮನೆ ಬೀಗದ ಕೈ ಕೊಟ್ಟ ಹಾಗೆ.

ಹಾಗಂತ ಚೀನಾಕ್ಕೆ ಅಲ್ಲಿ ಎಲ್ಲವೂ ಅಂದುಕೊಂಡ ಹಾಗೆ ನಡೆದಿದೆ ಅಂತಲ್ಲ. ಐರಾವತಿ ಹುಟ್ಟುವ ಸಂಗಮದಲ್ಲಿ ಮಿಟ್ಸೋನ್ ಅಣೆಕಟ್ಟು ಕಟ್ಟಲು ಹೊರಟರು, 6,000 ಮೆಗಾವ್ಯಾಟ್, ಅದರ ಬಹುಪಾಲು ಕರೆಂಟ್ ಚೀನಾಕ್ಕೆ. ಜನ ಸಿಟ್ಟಿಗೆದ್ದರು, 2011ರಲ್ಲಿ ಅಧ್ಯಕ್ಷ ಥೇನ್ ಸೇನ್ ಕೆಲಸ ನಿಲ್ಲಿಸಿದರು. ಆದರೆ ಬಂಗಾಳ ಕೊಲ್ಲಿಯ ಚಾಕ್‌ಪ್ಯೂನಿಂದ ಯುನ್ನಾನ್‌ವರೆಗೆ ಗ್ಯಾಸ್ ಪೈಪ್ 2013ರಿಂದಲೂ, ತೈಲದ ಪೈಪ್ 2017ರಿಂದಲೂ ಹರಿಯುತ್ತಿವೆ. ಚೀನಾದ ತೈಲದ ಹಡಗುಗಳು ಹಾದುಹೋಗುವ ಮಲಕ್ಕಾ ಜಲಸಂಧಿಯನ್ನು ಯಾರಾದರೂ ಅಡ್ಡಗಟ್ಟಿದರೆ ಇರಲಿ ಅಂತ ಹಿತ್ತಿಲ ಬಾಗಿಲು. ಆ ಗ್ಯಾಸ್ ಬಾವಿಗಳಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಕಂಪನಿಗಳ ಪಾಲೂ ಇದೆ. ಪಾಲು ನಮ್ಮದೂ ಹೌದು, ಪೈಪ್ ಹೋಗಿದ್ದು ಮಾತ್ರ ಅವರ ಕಡೆಗೆ. ಇದನ್ನು ಓದಿದ ದಿನ ನನಗೆ ಶೋರೂಂ ಹುಡುಗನ ಮೇಲಿನ ಸಿಟ್ಟು ಅರ್ಧ ಇಳಿದುಹೋಯಿತು.

ಗೇಟ್‌ನ ಇನ್ನೊಂದು ಬಾಗಿಲು ನಮ್ಮ ಕಡೆಗಿದೆ. 2025ರ ಏಪ್ರಿಲ್ 4ರಂದು ಚೀನಾ ಏಳು ರೇರ್ ಅರ್ಥ್‌ಗಳನ್ನೂ ಅವುಗಳಿಂದ ಮಾಡಿದ ಮ್ಯಾಗ್ನೆಟ್‌ಗಳನ್ನೂ ಲೈಸೆನ್ಸ್ ಇಲ್ಲದೆ ಹೊರಗೆ ಕಳಿಸುವಂತಿಲ್ಲ ಎಂದಿತು. ಸಿಟ್ಟು ಅಮೆರಿಕದ ಸುಂಕದ ಮೇಲೆ, ಏಟು ಎಲ್ಲರಿಗೂ. ಇಂಥದ್ದನ್ನು 2010ರಲ್ಲಿ ಜಪಾನಿನ ಮೇಲೂ ಮಾಡಿದ್ದರು. ಜಪಾನ್ ಆಮೇಲೆ ಆಸ್ಟ್ರೇಲಿಯಾದ ಗಣಿಗೆ ದುಡ್ಡು ಹಾಕಿತು, ನಾವು ಓದಿ ಮರೆತೆವು. ನಮ್ಮ ಕಂಪನಿಗಳು ಇದನ್ನು ಯಾವುದಕ್ಕೆ ಬಳಸುತ್ತೇವೆ ಅಂತ ಪತ್ರ ಬರೆದುಕೊಟ್ಟು, ಅದಕ್ಕೆ ಇಲ್ಲಿ ಒಂದು ಸೀಲು, ಅಲ್ಲಿ ಒಂದು ಸೀಲು ಹಾಕಿಸಿ ಕಾಯಬೇಕಾಯಿತು. ಪುಣೆಯ ದೊಡ್ಡ ಕಂಪನಿಯೊಂದು ಆಗಸ್ಟ್‌ನಲ್ಲಿ ಒಂದೂ ಎಲೆಕ್ಟ್ರಿಕ್ ಗಾಡಿ ತಯಾರಾಗದೇ ಹೋಗಬಹುದು ಎಂದು ಬಹಿರಂಗವಾಗಿಯೇ ಹೇಳಿತು. ಹುಡುಗ ಸುಳ್ಳು ಹೇಳಿರಲಿಲ್ಲ.

ಈಗ ಸ್ವಲ್ಪ ಸ್ವಂತ ವಿಷಯ. ನಾನು ಹೊಸಪೇಟೆಯವನು. 2005ರ ಆಸುಪಾಸು ನಾನಿನ್ನೂ ಕಾಲೇಜಿನಲ್ಲಿದ್ದೆ, ನಮ್ಮ ಸೋದರಮಾವ ಅದಿರಿನ ಲಾರಿ ಓಡಿಸುತ್ತಿದ್ದರು. ರಾತ್ರಿ ಹಗಲು ಲಾರಿ. ಸಂಡೂರು ರಸ್ತೆಯಲ್ಲಿ ಮರದ ಎಲೆ ಕೆಂಪು, ನಾಯಿ ಕೆಂಪು, ಅಮ್ಮ ಒಣಗಲು ಹಾಕಿದ ಸೀರೆ ಕೆಂಪು. ಅಷ್ಟೊಂದು ಅದಿರು ಎಲ್ಲಿಗೆ ಹೋಗುತ್ತಿತ್ತು? ಚೀನಾಕ್ಕೆ. ಬೀಜಿಂಗ್ 2008ರ ಒಲಿಂಪಿಕ್ಸ್‌ಗೆ ಸಿದ್ಧವಾಗುತ್ತಿತ್ತು, ಉಕ್ಕು ಬೇಕಿತ್ತು, ನಮ್ಮ ಕಡೆ ಟನ್ನಿನ ರೇಟು ಏರುತ್ತಲೇ ಹೋಯಿತು. ಬಳ್ಳಾರಿಯಲ್ಲಿ ಚೀನಾದವರು ಒಂದೂ ಗಣಿ ಕೊಂಡಿರಲಿಲ್ಲ. ಕೊಳ್ಳುವವರ ಜಾಗದಲ್ಲಿ ಕೂತಿದ್ದರು, ಅಷ್ಟೇ. ಬೆಟ್ಟ ಅಗೆದವರು ನಾವೇ, ಗಡಿ ಕಲ್ಲು ಕಿತ್ತವರು ನಾವೇ, ಲಾರಿಗೆ ಎರಡು ಪಟ್ಟು ತುಂಬಿದವರೂ ನಾವೇ. ಮಾವ ಆ ದುಡ್ಡಿನಲ್ಲಿ ಮನೆ ಕಟ್ಟಿಸಿದರು, ಅದೇ ಮನೆಯಲ್ಲಿ ಈಗ ಕೆಮ್ಮುತ್ತಾ ಕೂತಿರುತ್ತಾರೆ. ಹಾಗಾಗಿ ಕಚಿನ್‌ನ ಆ ಕೂಲಿಗಳನ್ನೋ, ಸುಂಕ ವಸೂಲಿ ಮಾಡುವ ಪಡೆಗಳನ್ನೋ ಇಲ್ಲಿ ಕೂತು ಬೈಯಲು ನನಗೆ ಬಾಯಿ ಬರುವುದಿಲ್ಲ.

ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ತಡವಾಯಿತು, ಪೂರ್ತಿ ನ್ಯಾಯ ಸಿಕ್ಕಿತು ಅಂತ ನಾನೇನೂ ಹೇಳಲ್ಲ, ಆದರೂ ಯಾರೋ ಒಬ್ಬರು ನಿಲ್ಲಿಸಿ ಅಂದರು, ಲಾರಿ ನಿಂತವು. ಪಾಂಗ್ವಾದಲ್ಲಿ ಯಾರ ಕೋರ್ಟಿಗೆ ಹೋಗುತ್ತೀರಿ? ಸೇನೆಯದ್ದಾ, ಕೆಐಎಯದ್ದಾ, ಗೇಟಿನ ಆಚೆಯವರದ್ದಾ? ದಕ್ಷಿಣಕ್ಕೆ, ಶಾನ್ ರಾಜ್ಯದಲ್ಲಿ, 'ವಾ' ಜನರ ಇನ್ನೊಂದು ಸಶಸ್ತ್ರ ಪಡೆಯ ಪ್ರದೇಶದಲ್ಲಿ ಚೀನಾದ ಯುವಾನ್ ನೋಟೇ ಓಡುತ್ತದೆ, ಅಲ್ಲೂ ಹೊಸ ಕೊಳಗಳು ಎದ್ದಿವೆ. 2025ರಲ್ಲಿ ಥಾಯ್ಲೆಂಡ್‌ನ ಚಿಯಾಂಗ್ ರಾಯ್ ಕಡೆ ಹರಿಯುವ ಕೋಕ್ ನದಿಯ ನೀರಿನಲ್ಲಿ ಮಿತಿಗಿಂತ ಜಾಸ್ತಿ ಆರ್ಸೆನಿಕ್ ಸಿಕ್ಕಿತು. ಆ ನದಿ ಬರುವುದು ಮ್ಯಾನ್ಮಾರ್‌ನ ಶಾನ್ ಬೆಟ್ಟಗಳಿಂದ. ಥಾಯ್ಲೆಂಡಿನ ರೈತ ದೂರು ಕೊಡುವುದು ಯಾರಿಗೆ?

ಭಾರತ ಏನು ಮಾಡುತ್ತಿದೆ ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ರೇರ್ ಅರ್ಥ್ ತೆಗೆಯುವ ನಮ್ಮ ಸರ್ಕಾರಿ ಕಂಪನಿ ಐಆರ್‌ಇಎಲ್ 1950ರಿಂದ ಇದೆ, ಆದರೆ ನಮ್ಮ ಮರಳಿನಲ್ಲಿ ಡಿಸ್ಪ್ರೋಸಿಯಂ ಬಹಳ ಕಡಿಮೆ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮ್ಯಾಗ್ನೆಟ್ ಕಾರ್ಖಾನೆಗಳಿಗೆ ಅಂತ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು, ಗುರಿ ವರ್ಷಕ್ಕೆ 6,000 ಟನ್. ಕೆಐಎ ಕಡೆಯಿಂದ ಮಣ್ಣಿನ ಸ್ಯಾಂಪಲ್ ತರಿಸಲು ಭಾರತ ಯತ್ನಿಸುತ್ತಿದೆ ಅಂತಲೂ ಕಳೆದ ವರ್ಷ ವರದಿ ಬಂದಿತ್ತು. ಮ್ಯಾಪ್ ತೆಗೆದು ನೋಡಿ. ಗಣಿಗಳಿರುವುದು ಚೀನಾ ಗಡಿಗೆ ಅಂಟಿಕೊಂಡು. ನಮ್ಮ ಕಡೆಗೆ ಬರಬೇಕಾದರೆ ಇಡೀ ಕಚಿನ್ ರಾಜ್ಯವನ್ನು ಅಡ್ಡ ದಾಟಿ, ಎರಡನೇ ಮಹಾಯುದ್ಧದ ಕಾಲದ ಲೀಡೋ ರಸ್ತೆ ಹಿಡಿದು ಅರುಣಾಚಲದ ಗುಡ್ಡ ಹತ್ತಬೇಕು. ಆ ರಸ್ತೆಯಲ್ಲಿ ಚೀಲ ಬರುವಷ್ಟರಲ್ಲಿ ನನ್ನ ಗಾಡಿಯ ಬ್ಯಾಟರಿ ವಾರಂಟಿ ಮುಗಿದಿರುತ್ತದೆ. ರೇರ್ ಅರ್ಥ್ ಬೇಡವೇ ಬೇಡ ಅಂತ ಫೆರೈಟ್ ಮ್ಯಾಗ್ನೆಟ್ ಮೋಟರ್ ಮಾಡುವವರೂ ಬಂದಿದ್ದಾರೆ, ಬೆಂಗಳೂರಿನಲ್ಲೇ ಇದ್ದಾರೆ. ರಿವೈಂಡಿಂಗ್ ಅಣ್ಣನಿಗೆ ಇದರ ಮೇಲೆ ಜಾಸ್ತಿ ನಂಬಿಕೆ. "ಸ್ವಲ್ಪ ದಪ್ಪ ಆಗುತ್ತೆ, ತೂಕ ಬರುತ್ತೆ, ಆದರೆ ಯಾರ ಕೈಕಾಲೂ ಹಿಡೀಬೇಕಿಲ್ಲ" ಅನ್ನುತ್ತಾರೆ.

ಸರಿ, ಸ್ಕೂಟರ್‌ಗೆ ವಾಪಸ್. ದೀಪಾವಳಿ ವಾರದಲ್ಲಿ ಗಾಡಿ ಬಂತು. ಶೋರೂಂನವರು ತಡವಾದದ್ದಕ್ಕೆ ಒಂದು ಹೆಲ್ಮೆಟ್ ಫ್ರೀ ಕೊಟ್ಟರು, ನನ್ನ ತಲೆಗೆ ಅದು ಬಿಗಿ. 3,800 ಕಿ.ಮೀ. ಆದಾಗ ಮೋಟರ್‌ನಿಂದ ಕಿರ್ ಅಂತ ಸದ್ದು ಶುರುವಾಯಿತು. ಅಣ್ಣ ಕಿವಿಯಿಟ್ಟು ಕೇಳಿ, ಬೇರಿಂಗ್ ಹೋಗಿದೆ, ಇನ್ನೂರು ರೂಪಾಯಿದು, ಒಂದು ಗಂಟೆ ಕೆಲಸ ಅಂದರು. ಆದರೆ ಬಿಚ್ಚಿದರೆ ವಾರಂಟಿ ಹೋಗುತ್ತದೆ. ಸರ್ವಿಸ್ ಸೆಂಟರ್‌ನವರು ನಾವು ಬೇರಿಂಗ್ ಹಾಕಲ್ಲ, ಮೋಟರ್‌ನ್ನೇ ಪೂರ್ತಿ ಬದಲಾಯಿಸುತ್ತೇವೆ ಅಂದರು. ಮೋಟರ್ ಸ್ಟಾಕ್ ಇರಲಿಲ್ಲ. ಯಾಕೆ ಅಂತ ಈ ಸಲ ನಾನು ಕೇಳಲಿಲ್ಲ. 19 ದಿನ ಬಸ್ಸಿನಲ್ಲಿ ಓಡಾಡಿದೆ.

ಹಾಗಾಗಿ ಓಡಿಸುವ ಖುಷಿಗೆ ಐದು, ಖರ್ಚಿಗೆ ಐದು, ಆ್ಯಪ್‌ಗೆ ಎರಡು, ಸರ್ವಿಸ್‌ಗೆ ಎರಡೂವರೆ, ಸೀಟಿನ ಬಗ್ಗೆ ನಮ್ಮನೆಯವರನ್ನು ಕೇಳಿದರೆ ಒಂದು. ಒಟ್ಟು ನಾಲ್ಕು ಅಂತ ಇಟ್ಟುಕೊಳ್ಳಿ, ಲೆಕ್ಕ ತಾಳೆಯಾಗಲ್ಲ ಅಂತ ಗೊತ್ತು. ಕೊಳ್ಳಬಹುದಾ ಅಂದರೆ ಕೊಳ್ಳಬಹುದು, ದಿನಕ್ಕೆ 40 ಕಿ.ಮೀ. ಒಳಗೆ ಓಡಾಡುವವರು ಕಣ್ಮುಚ್ಚಿ ಕೊಳ್ಳಬಹುದು. ಬುಕ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: ಮೋಟರ್ ಸ್ಟಾಕ್ ಇದೆಯಾ, ಕೆಟ್ಟರೆ ಎಷ್ಟು ದಿನ. ಹಬ್ಬದ ದಿನವೇ ಬೇಕು ಅಂತ ಹಟ ಮಾಡಬೇಡಿ.

ಹೊಸ ಮೋಟರ್ ಹಾಕಿಸಿಕೊಳ್ಳಲು ಹೋದಾಗ ಅಣ್ಣನೂ ಜೊತೆಗೆ ಬಂದಿದ್ದರು. ಸರ್ವಿಸ್ ಸೆಂಟರ್ ಮೂಲೆಯಲ್ಲಿ ಏಳೆಂಟು ಹಳೇ ಮೋಟರ್ ಬಿದ್ದಿದ್ದವು, ಮೇಲೆ ಟೀ ಲೋಟ ಇಟ್ಟಿದ್ದರು. ನನ್ನದನ್ನೂ ಬಿಚ್ಚಿ ಅಲ್ಲಿಗೇ ಎಸೆದರು. ಅಣ್ಣನ ಕಣ್ಣು ಅದರ ಮೇಲೇ ಇತ್ತು.

"ಇವನ್ನೆಲ್ಲ ಏನ್ಮಾಡ್ತೀರಪ್ಪ?"

"ಸ್ಕ್ರ್ಯಾಪ್‌ನವರು ಬಂದು ತಗೊಂಡು ಹೋಗ್ತಾರೆ ಸಾರ್. ಕಿಲೋ ಲೆಕ್ಕ."

"ತಾಮ್ರದ ರೇಟಾ, ಅಲ್ಯೂಮಿನಿಯಂ ರೇಟಾ?"

"ಯಾರು ಬಿಚ್ಚಿ ನೋಡ್ತಾರೆ ಸಾರ್," ಅಂದ ಮೆಕ್ಯಾನಿಕ್ ಹುಡುಗ. "ಕಬ್ಬಿಣದ ರೇಟು."